ಕ್ಯಾಮರನ್ ಮ್ಯಾಕಿಂತೋಷ್ ಮತ್ತು ಅವರ ಎಂಟು ಥಿಯೇಟರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಲಂಡನ್ನಿನ ದೊಡ್ಡ ಸಂಗೀತ ನಾಟಕಗಳ ಮಾತು ಬಂದರೆ ಹಾಡು ಕಟ್ಟಿದವರ ಹೆಸರು ಬಹಳ ಜನಕ್ಕೆ ಗೊತ್ತಿರುತ್ತದೆ. ಹಾಡಿದವರ ಹೆಸರೂ ಗೊತ್ತಿರುತ್ತದೆ. ಅದನ್ನೆಲ್ಲ ಮಾಡಿಸಿದವರು ಯಾರು ಅಂತ ಕೇಳುವವರು ಕಡಿಮೆ. ಕೇಳಿದರೆ ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವ ಹೆಸರು ಕ್ಯಾಮರನ್ ಮ್ಯಾಕಿಂತೋಷ್. ನಾಟಕದ ಗೆಳೆಯರು, ಲಂಡನ್ನಿಗೆ ಹೊರಟವರು, ತಂಡ ಕಟ್ಟುವ ಆಸೆ ಇರುವ ಹುಡುಗರು ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಯಾರು ಇವರು? ಎರಡು ಮಾತಿನಲ್ಲಿ ಹೇಳಿಬಿಡಿ.

ಬ್ರಿಟಿಷ್ ನಾಟಕ ನಿರ್ಮಾಪಕ. ಹುಟ್ಟಿದ್ದು 1946ರ ಅಕ್ಟೋಬರ್ 17, ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ. ಅಪ್ಪ ಸ್ಕಾಟ್ಲೆಂಡ್ ಮೂಲದವರು, ಮರದ ವ್ಯಾಪಾರ ಮಾಡುತ್ತ ಜಾಝ್ ಟ್ರಂಪೆಟ್ ಊದುತ್ತಿದ್ದರು. ಅಮ್ಮ ಮಾಲ್ಟಾದವರು. ‘ಕ್ಯಾಟ್ಸ್’, ‘ಲೇ ಮಿಸರಾಬ್ಲ’, ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’, ‘ಮಿಸ್ ಸೈಗಾನ್’, ಈ ನಾಲ್ಕನ್ನೂ ರಂಗಕ್ಕೆ ತಂದವರು ಇವರೇ. ಲಂಡನ್ನಿನ ದೊಡ್ಡ ಥಿಯೇಟರ್‌ಗಳೆಲ್ಲ ಇರುವ ಪ್ರದೇಶವಾದ ವೆಸ್ಟ್ ಎಂಡ್‌ನಲ್ಲಿ ಎಂಟು ಥಿಯೇಟರ್‌ಗಳ ಮಾಲೀಕರು. 1996ರಲ್ಲಿ ಸರ್ ಪದವಿ ಬಂತು.

ಈ ಹುಚ್ಚು ಹಿಡಿದದ್ದು ಯಾವಾಗ?

ಎಂಟನೇ ವಯಸ್ಸಿನಲ್ಲಿ. ಈ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

1954ರಿಂದ ಲಂಡನ್ನಿನ ವಾಡ್‌ವಿಲ್ ಥಿಯೇಟರಿನಲ್ಲಿ ‘ಸ್ಯಾಲಡ್ ಡೇಸ್’ ಎಂಬ ಹಗುರಾದ ಸಂಗೀತ ನಾಟಕ ನಡೆಯುತ್ತಿತ್ತು. ಅದರಲ್ಲಿ ಮಾಯದ ಪಿಯಾನೋ ಬರುತ್ತದೆ. ಅದು ನುಡಿದರೆ ಸಾಕು, ಸುತ್ತ ಇದ್ದವರೆಲ್ಲ ಕುಣಿಯಲೇಬೇಕು. ಹುಡುಗನಿಗೆ ಹೋಗಲು ಮನಸ್ಸೇ ಇರಲಿಲ್ಲ, ಮನೆಯವರು ಎಳೆದುಕೊಂಡು ಹೋದರು. ನೋಡಿದ ಮೇಲೆ ಇನ್ನೊಂದು ಸಲ ಹೋಗಲೇಬೇಕು ಅಂತ ಹಟ ಹಿಡಿದ. ಎರಡನೇ ಸಲ ಸ್ಕಾಟಿಷ್ ಕಿಲ್ಟ್ ಉಟ್ಟುಕೊಂಡು ಹೋಗಿದ್ದ. ಆಟ ಮುಗಿದ ಕೂಡಲೇ ಸೀಟುಗಳ ನಡುವಿನ ದಾರಿಯಲ್ಲಿ ನೇರ ಮುಂದಕ್ಕೆ ನಡೆದ. ಅಲ್ಲಿ ವಾದ್ಯದವರ ಜಾಗದಲ್ಲಿ ಪಿಯಾನೋ ನುಡಿಸುತ್ತಿದ್ದವರು ನಾಟಕದ ಸಂಗೀತಗಾರ ಜೂಲಿಯನ್ ಸ್ಲೇಡ್. ಇದೆಲ್ಲ ಹೇಗೆ ಮಾಡುತ್ತೀರಿ ಅಂತ ಹುಡುಗ ಕೇಳಿದ. ಸ್ಲೇಡ್ ಗದರಿಸಿ ಕಳಿಸಲಿಲ್ಲ. ತೆರೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಮಾಯದ ಪಿಯಾನೋ ಹೇಗೆ ಓಡಾಡುತ್ತದೆ, ಪರದೆ ಹೇಗೆ ಇಳಿಯುತ್ತದೆ ಎಂದು ತೋರಿಸಿದರು.

ನಿರ್ಮಾಪಕನಾಗುತ್ತೇನೆ ಅಂತ ಹುಡುಗ ಅವತ್ತೇ ತೀರ್ಮಾನ ಮಾಡಿದ. ನಟನಾಗುತ್ತೇನೆ ಅನ್ನಲಿಲ್ಲ, ನೋಡಿ. ಎಂಟು ವರ್ಷದ ಮಕ್ಕಳು ಯಾರಾದರೂ ಹಾಗೆ ಅಂದುಕೊಳ್ಳುತ್ತಾರಾ? ಅವನನ್ನು ಹಿಡಿದು ನಿಲ್ಲಿಸಿದ್ದು ವೇಷವೂ ಅಲ್ಲ, ಚಪ್ಪಾಳೆಯೂ ಅಲ್ಲ. ಇಷ್ಟೆಲ್ಲವನ್ನೂ ಒಟ್ಟಿಗೆ ಸೇರಿಸಿ ನಡೆಸುತ್ತಾರಲ್ಲ, ಆ ಕೆಲಸ.

ಮುಂದಿನ ಭಾಗ ನನಗೆ ತುಂಬ ಇಷ್ಟ. 1972ರಲ್ಲಿ ಮ್ಯಾಕಿಂತೋಷ್ ನಿರ್ಮಿಸಿದ ‘ಟ್ರೆಲಾನಿ’ ನಾಟಕಕ್ಕೆ ಸಂಗೀತ ಕೊಟ್ಟವರು ಅದೇ ಜೂಲಿಯನ್ ಸ್ಲೇಡ್. ಅದು ನಡೆದದ್ದು ಪ್ರಿನ್ಸ್ ಆಫ್ ವೇಲ್ಸ್ ಥಿಯೇಟರಿನಲ್ಲಿ. ಆ ಥಿಯೇಟರ್ ಈಗ ಮ್ಯಾಕಿಂತೋಷ್ ಅವರದ್ದೇ.

ಓದಿದ್ದೇನು? ರಂಗಶಾಲೆಗೆ ಹೋಗಿದ್ದರಾ?

ಹೋಗಿದ್ದರು, ಆದರೆ ಉಳಿಯಲಿಲ್ಲ. ಲಂಡನ್ನಿನ ಸೆಂಟ್ರಲ್ ಸ್ಕೂಲ್ ಆಫ್ ಸ್ಪೀಚ್ ಅಂಡ್ ಡ್ರಾಮಾಗೆ ಸೇರಿ ಓದು ಮುಗಿಸುವ ಮೊದಲೇ ಬಿಟ್ಟರು. ಆಮೇಲೆ ಡ್ರೂರಿ ಲೇನ್‌ನ ಥಿಯೇಟರ್ ರಾಯಲ್‌ನಲ್ಲಿ ಕೆಲಸ. ಅಲ್ಲಿ ‘ಕ್ಯಾಮೆಲಾಟ್’ ನಡೆಯುತ್ತಿತ್ತು. ಇವರದ್ದು ಸೆಟ್ ಎತ್ತಿಡುವ ಕೆಲಸ, ಜೊತೆಗೆ ಕಸ ಗುಡಿಸುವ ಕೆಲಸ. ಅದಾದ ಮೇಲೆ ‘ಆಲಿವರ್!’ ನಾಟಕದ ತಂಡದ ಜೊತೆ ಊರೂರು ತಿರುಗಿದರು, ಸಹಾಯಕ ಸ್ಟೇಜ್ ಮ್ಯಾನೇಜರ್ ಆಗಿ.

ಸಹಾಯಕ ಸ್ಟೇಜ್ ಮ್ಯಾನೇಜರ್ ಕೆಲಸ ಏನು ಅಂತ ನಾಟಕದವರಿಗೆ ಗೊತ್ತು. ಯಾವ ಬಟ್ಟಲು ಯಾವ ಮೇಜಿನ ಮೇಲೆ ಇರಬೇಕು, ಯಾರು ಯಾವ ಕಡೆಯಿಂದ ಬರಬೇಕು, ಯಾರಿಗೆ ಜ್ವರ, ಯಾರ ಶೂ ಕಿತ್ತಿದೆ, ಎಲ್ಲ ತಲೆಯಲ್ಲಿರಬೇಕು. ಮುಂದೆ ಕೋಟಿಗಟ್ಟಲೆ ಪೌಂಡ್ ವ್ಯವಹಾರ ಮಾಡುವಾಗಲೂ ಇವರು ಸಣ್ಣ ಸಣ್ಣ ವಿಷಯಕ್ಕೆ ತಲೆ ಹಾಕುತ್ತಾರೆ ಎಂಬ ದೂರು ಇತ್ತು. ಆ ಗುಣ ಬಂದದ್ದು ಇಲ್ಲಿಂದ ಅಂತ ನನಗನಿಸುತ್ತದೆ.

ಮೊದಲ ನಾಟಕವೇ ಗೆದ್ದಿತಾ?

ಇಲ್ಲ. 1969ರಲ್ಲಿ ‘ಎನಿಥಿಂಗ್ ಗೋಸ್’ ಅನ್ನು ಸವಿಲ್ ಥಿಯೇಟರಿನಲ್ಲಿ ಆಡಿಸಿದರು. ವಯಸ್ಸು 23. ಎರಡೇ ವಾರಕ್ಕೆ ಮುಚ್ಚಿತು. ಮುಂದಿನ ಕೆಲವು ವರ್ಷ ಇಂಗ್ಲೆಂಡಿನ ಸಣ್ಣ ಊರುಗಳಿಗೆ ನಾಟಕ ಕಳಿಸುತ್ತ, ಸಾಲ ತೀರಿಸುತ್ತ ಕಳೆದರು. 1976ರಲ್ಲಿ ಅಮೆರಿಕದ ಸಂಗೀತ ನಾಟಕಕಾರ ಸ್ಟೀಫನ್ ಸಾಂಡ್‌ಹೈಮ್ ಅವರ ಹಾಡುಗಳನ್ನಷ್ಟೇ ಪೋಣಿಸಿ ಮಾಡಿದ ‘ಸೈಡ್ ಬೈ ಸೈಡ್ ಬೈ ಸಾಂಡ್‌ಹೈಮ್’ ಚೆನ್ನಾಗಿ ಓಡಿತು. ಅದು ಓಡಿದ್ದು ವಿಂಡಮ್ಸ್ ಥಿಯೇಟರಿನಲ್ಲಿ. ಅದೂ ಈಗ ಇವರದ್ದೇ.

ನಿರ್ಮಾಪಕ ಅಂದರೆ ದುಡ್ಡು ಹಾಕುವವನು, ಅಷ್ಟೇ ಅಲ್ವಾ?

ಜಾಸ್ತಿ ಜನ ತಪ್ಪು ತಿಳಿದಿರುವುದು ಇದನ್ನೇ. ವೆಸ್ಟ್ ಎಂಡ್‌ನಲ್ಲಿ ದುಡ್ಡು ಹಾಕುವವರು ಬೇರೆ. ಅವರನ್ನು ‘ಏಂಜಲ್’ ಅಂತ ಕರೆಯುತ್ತಾರೆ. ನಾಟಕ ಸೋತರೆ ಅವರ ದುಡ್ಡು ಹೋಯಿತು. ಗೆದ್ದರೆ ಮೊದಲು ಹಾಕಿದ ಬಂಡವಾಳ ವಾಪಸ್ ಬರುತ್ತದೆ, ಆಮೇಲೆ ಲಾಭದಲ್ಲಿ ಪಾಲು.

ನಿರ್ಮಾಪಕನ ಕೆಲಸ ಅದಕ್ಕಿಂತ ತುಂಬ ಮೊದಲೇ ಶುರುವಾಗುತ್ತದೆ. ಕಥೆಯ ಹಕ್ಕು ಪಡೆಯಬೇಕು. ನಿರ್ದೇಶಕ, ರಂಗವಿನ್ಯಾಸದವರು, ಹಾಡು ಬರೆಯುವವರು ಯಾರೆಂದು ಗೊತ್ತು ಮಾಡಬೇಕು. ಹಾಡು ಸರಿ ಬರದಿದ್ದರೆ ಮುಖ ನೋಡಿ ಹೇಳಬೇಕು. ಥಿಯೇಟರ್ ಹುಡುಕಬೇಕು. ತಾಲೀಮು ನಡೆಯುವಾಗ ಹಿಂದಿನ ಸಾಲಿನಲ್ಲಿ ಕೂತು, ಇಲ್ಲಿ ಜನಕ್ಕೆ ಬೇಸರ ಬರುತ್ತದೆ ಅಂತ ಗುರುತು ಹಾಕಿಕೊಳ್ಳಬೇಕು. ನಾಟಕ ಶುರುವಾದ ಮೇಲೆ ಪ್ರತಿ ವಾರ ಖರ್ಚು ಎಷ್ಟು, ಗಲ್ಲಾಪೆಟ್ಟಿಗೆಗೆ ಬಂದದ್ದೆಷ್ಟು ಅಂತ ನೋಡಬೇಕು. ನಮ್ಮ ಕಂಪನಿ ನಾಟಕದ ಯಜಮಾನರ ಕೆಲಸ ನೋಡಿದವರಿಗೆ ಇದು ಹೊಸದಲ್ಲ. ಮ್ಯಾಕಿಂತೋಷ್ ಆ ತರಹದವರು. ಚೆಕ್ಕಿಗೆ ಸಹಿ ಹಾಕಿ ಮನೆಯಲ್ಲಿ ಕೂರುವ ಜನ ಅಲ್ಲ.

‘ಕ್ಯಾಟ್ಸ್’ಗೆ ಯಾರೂ ದುಡ್ಡು ಕೊಡಲಿಲ್ಲ ಅಂತಾರೆ, ನಿಜವಾ?

ದೊಡ್ಡವರು ಯಾರೂ ಕೊಡಲಿಲ್ಲ, ನಿಜ. ಅವರ ಜಾಗದಲ್ಲಿ ನಿಂತು ಯೋಚಿಸಿ. ಟಿ. ಎಸ್. ಎಲಿಯಟ್ ಮಕ್ಕಳಿಗಾಗಿ ಬರೆದ ಬೆಕ್ಕಿನ ಪದ್ಯಗಳು. ನೆಟ್ಟಗೆ ಕಥೆಯೇ ಇಲ್ಲ. ಎಲ್ಲರೂ ಬೆಕ್ಕಿನ ವೇಷ ಹಾಕಿ ಕುಣಿಯುತ್ತಾರಂತೆ. ನಿರ್ದೇಶಕ ಟ್ರೆವರ್ ನನ್, ಶೇಕ್ಸ್‌ಪಿಯರ್ ಕಂಪನಿಯ ಮುಖ್ಯಸ್ಥರು. ಅಂಥವರಿಗೂ ಸಂಗೀತ ನಾಟಕಕ್ಕೂ ಏನು ಸಂಬಂಧ ಅಂತ ಜನ ಕೇಳಿದರು. ಥಿಯೇಟರ್ ನ್ಯೂ ಲಂಡನ್. ಅಲ್ಲಿ ಯಾವ ನಾಟಕವೂ ನಿಲ್ಲುವುದಿಲ್ಲ ಅಂತ ಹೆಸರು ಕೆಟ್ಟಿತ್ತು.

ಕೊನೆಗೆ ಸುಮಾರು 220 ಮಂದಿ ಸಣ್ಣ ಸಣ್ಣ ಮೊತ್ತ ಹಾಕಿದರು. ಸಂಗೀತಗಾರ ಆಂಡ್ರ್ಯೂ ಲಾಯ್ಡ್ ವೆಬರ್ ತಮ್ಮ ಮನೆಯನ್ನೇ ಅಡವಿಟ್ಟರು. ತಾಲೀಮಿನ ಹೊತ್ತಿಗೆ ನಟಿ ಜೂಡಿ ಡೆಂಚ್ ಅವರ ಹಿಮ್ಮಡಿಯ ನರ ಹರಿಯಿತು. ಅವರ ಜಾಗಕ್ಕೆ ಎಲೇನ್ ಪೇಜ್ ಓಡಿ ಬಂದರು. 1981ರ ಮೇ 11ರಂದು ತೆರೆ ಎದ್ದಿತು. ಇಳಿದದ್ದು 2002ರ ಮೇ 11ಕ್ಕೆ, ಸರಿಯಾಗಿ 21 ವರ್ಷಕ್ಕೆ. ಒಟ್ಟು 8,949 ಪ್ರದರ್ಶನ. ಧೈರ್ಯ ಮಾಡಿ ಕೂಡಿಟ್ಟದ್ದನ್ನು ತಂದು ಹಾಕಿದವರಿಗೆ ಅದರ ಹಲವು ಪಟ್ಟು ವಾಪಸ್ ಬಂತು. ಈ 220 ಜನರ ಬಗ್ಗೆ ನನಗೆ ತುಂಬ ಗೌರವ.

ಇವರ ನಾಟಕಗಳ ಪೋಸ್ಟರ್ ನೋಡಿದ ಕೂಡಲೇ ಗುರುತು ಸಿಗುತ್ತದಲ್ಲ, ಯಾಕೆ?

ಕಪ್ಪು ಹಾಳೆಯ ಮೇಲೆ ಎರಡು ಹಳದಿ ಕಣ್ಣು. ‘ಕ್ಯಾಟ್ಸ್’ ಪೋಸ್ಟರ್ ಅಂದರೆ ಅಷ್ಟೇ. ಆದರೆ ಹತ್ತಿರ ಹೋಗಿ ನೋಡಿ. ಆ ಕಣ್ಣಿನ ಕಪ್ಪು ಗುಡ್ಡೆ ಗುಡ್ಡೆಯಲ್ಲ, ಕುಣಿಯುತ್ತಿರುವ ಮನುಷ್ಯನ ಆಕೃತಿ. ನಟನಟಿಯರ ಫೋಟೊ ಇಲ್ಲ, ಪತ್ರಿಕೆಗಳ ಹೊಗಳಿಕೆ ಇಲ್ಲ. ‘ಲೇ ಮಿಸರಾಬ್ಲ’ದ ಪುಟ್ಟ ಹುಡುಗಿಯ ಮುಖ ಎಮಿಲ್ ಬಾಯಾರ್ ಎಂಬ ಚಿತ್ರಕಾರರು 19ನೇ ಶತಮಾನದಲ್ಲಿ ವಿಕ್ಟರ್ ಹ್ಯೂಗೊ ಕಾದಂಬರಿಗೆ ಬರೆದ ಚಿತ್ರದಿಂದ ಬಂದದ್ದು. ಫ್ಯಾಂಟಮ್‌ಗೆ ಬಿಳಿ ಮುಖವಾಡ, ಪಕ್ಕದಲ್ಲಿ ಗುಲಾಬಿ.

ಇದರಲ್ಲಿ ದೊಡ್ಡ ಯೋಚನೆ ಇದೆ. ಚಿತ್ರಕ್ಕೆ ಭಾಷೆ ಬೇಡ. ಟೋಕಿಯೊದಲ್ಲಿ ಅಂಟಿಸಿದರೂ ನಡೆಯುತ್ತದೆ, ವಿಯೆನ್ನಾದಲ್ಲಿ ಅಂಟಿಸಿದರೂ ನಡೆಯುತ್ತದೆ. ನಟರು ಬದಲಾದರೂ ಪೋಸ್ಟರ್ ಹಳೆಯದಾಗುವುದಿಲ್ಲ. ಲಂಡನ್ನಿನಲ್ಲಿ ಆಡಿದ ನಾಟಕವನ್ನು ಅದೇ ಸೆಟ್, ಅದೇ ಗುಣಮಟ್ಟದಲ್ಲಿ ಬೇರೆ ಬೇರೆ ದೇಶಗಳಲ್ಲಿ, ಅಲ್ಲಿನ ಭಾಷೆಯಲ್ಲಿ ಕಟ್ಟಿಸುವ ಪದ್ಧತಿಯನ್ನು ಬೆಳೆಸಿದ್ದು ಮ್ಯಾಕಿಂತೋಷ್. ಪೋಸ್ಟರ್ ಆ ಪದ್ಧತಿಯ ಮುಖ.

‘ಲೇ ಮಿಸರಾಬ್ಲ’ವನ್ನು ವಿಮರ್ಶಕರು ಮೊದಲು ಬೈದಿದ್ದರು ಅಂತ ಕೇಳಿದ್ದೇನೆ. ಆಮೇಲೆ ಏನಾಯಿತು?

ಇದು ಫ್ರೆಂಚ್‌ನಲ್ಲಿ ಹುಟ್ಟಿದ ನಾಟಕ. ಅಲೈನ್ ಬೂಬ್ಲಿಲ್ ಬರೆದರು, ಕ್ಲೋಡ್-ಮಿಶೆಲ್ ಶೋನ್‌ಬರ್ಗ್ ಸಂಗೀತ ಕೊಟ್ಟರು. 1980ರಲ್ಲಿ ಪ್ಯಾರಿಸ್‌ನಲ್ಲಿ ಆಡಿದ್ದರು. ಅದರ ಧ್ವನಿಮುದ್ರಿಕೆ ಮುಂದೆ ಮ್ಯಾಕಿಂತೋಷ್ ಕೈಗೆ ಬಂತು. ಪೂರ್ತಿ ಕೇಳಿ ಮುಗಿಸುವ ಮೊದಲೇ ಇದನ್ನು ಮಾಡಲೇಬೇಕು ಅಂತ ತೀರ್ಮಾನಿಸಿದರು. ಇಂಗ್ಲಿಷ್ ಹಾಡುಗಳನ್ನು ಬರೆದದ್ದು ಪತ್ರಕರ್ತ ಹರ್ಬರ್ಟ್ ಕ್ರೆಟ್ಸ್‌ಮರ್. ಟ್ರೆವರ್ ನನ್, ಜಾನ್ ಕೇರ್ಡ್ ನಿರ್ದೇಶಕರು. ರಾಯಲ್ ಶೇಕ್ಸ್‌ಪಿಯರ್ ಕಂಪನಿ ಜೊತೆ ಸೇರಿಕೊಂಡು 1985ರ ಅಕ್ಟೋಬರ್ 8ರಂದು ಲಂಡನ್ನಿನ ಕಲಾಕೇಂದ್ರ ಬಾರ್ಬಿಕನ್‌ನಲ್ಲಿ ಶುರು ಮಾಡಿದರು.

ಮರುದಿನದ ಪತ್ರಿಕೆಗಳು ಕೈ ಬಿಟ್ಟವು. ಹ್ಯೂಗೊನ ಮಹಾ ಕಾದಂಬರಿಯನ್ನು ಹಾಡು ಕುಣಿತ ಮಾಡಿದ್ದಾರೆ ಅನ್ನುವ ಧಾಟಿ. ಅದೇ ಹೊತ್ತಿಗೆ ಮ್ಯಾಕಿಂತೋಷ್‌ಗೆ ಒಂದು ತುರ್ತು ಇತ್ತು. ನಾಟಕವನ್ನು ವೆಸ್ಟ್ ಎಂಡ್‌ನ ಪ್ಯಾಲೇಸ್ ಥಿಯೇಟರಿಗೆ ಒಯ್ಯುವುದೋ ಬೇಡವೋ ಅಂತ ಬೇಗ ಹೇಳಬೇಕಿತ್ತು. ಬಾರ್ಬಿಕನ್‌ನ ಟಿಕೆಟ್ ಕೌಂಟರಿಗೆ ಫೋನ್ ಮಾಡಿದರು. ಆ ಕಡೆಯಿಂದ, ನಿಮಗೆ ಲೈನ್ ಸಿಕ್ಕಿದ್ದೇ ಆಶ್ಚರ್ಯ, ಬೆಳಗಿನಿಂದ ಫೋನ್ ನಿಂತೇ ಇಲ್ಲ ಅನ್ನುವ ಅರ್ಥದ ಉತ್ತರ ಬಂತು. 5,000 ಟಿಕೆಟ್ ಹೋಗಿತ್ತು. ಡಿಸೆಂಬರ್ 4ಕ್ಕೆ ನಾಟಕ ಪ್ಯಾಲೇಸ್‌ಗೆ ಬಂತು. 2004ರಲ್ಲಿ ಶಾಫ್ಟ್ಸ್‌ಬರಿ ಅವೆನ್ಯೂದ ಕ್ವೀನ್ಸ್ ಥಿಯೇಟರಿಗೆ ಹೋಯಿತು. ಥಿಯೇಟರಿನ ರಿಪೇರಿ, ಕೊರೊನಾ ಅಂತ ಮಧ್ಯೆ ನಿಂತದ್ದು ಬಿಟ್ಟರೆ ಇವತ್ತಿಗೂ ನಡೆಯುತ್ತಿದೆ.

ಜನ ಬಾಯಿಂದ ಬಾಯಿಗೆ ಹೇಳಿ ಉಳಿಸಿದ ನಾಟಕ ಇದು. ವಿಮರ್ಶಕರನ್ನು ಕಡೆಗಣಿಸಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಬೆಳಿಗ್ಗೆ ಪತ್ರಿಕೆ ಮಡಿಸಿಟ್ಟು ಕೌಂಟರಿಗೆ ಫೋನ್ ಮಾಡಿದ್ದೇ ಅವರ ವೃತ್ತಿಯ ಅತಿ ಮುಖ್ಯ ಕೆಲಸ ಅಂತ ನನ್ನ ಎಣಿಕೆ.

ಫ್ಯಾಂಟಮ್ ಬಗ್ಗೆ?

1986ರ ಅಕ್ಟೋಬರ್ 9, ಆಗ ಹರ್ ಮೆಜೆಸ್ಟೀಸ್ ಎಂದಿದ್ದ, ಈಗ ಹಿಸ್ ಮೆಜೆಸ್ಟೀಸ್ ಆಗಿರುವ ಥಿಯೇಟರಿನಲ್ಲಿ ಶುರು. ಸಂಗೀತ ಲಾಯ್ಡ್ ವೆಬರ್, ನಿರ್ದೇಶನ ಹ್ಯಾಲ್ ಪ್ರಿನ್ಸ್, ರಂಗ ಮತ್ತು ವಸ್ತ್ರವಿನ್ಯಾಸ ಮರಿಯಾ ಬ್ಯೋರ್ನ್‌ಸನ್. ನ್ಯೂಯಾರ್ಕಿನ ವೆಸ್ಟ್ ಎಂಡ್ ಅನ್ನಬಹುದಾದ ಬ್ರಾಡ್‌ವೇಯಲ್ಲಿ 1988ರ ಜನವರಿಯಿಂದ 2023ರ ಏಪ್ರಿಲ್ 16ರವರೆಗೆ 13,981 ಪ್ರದರ್ಶನ. ಬ್ರಾಡ್‌ವೇಯಲ್ಲಿ ಇಷ್ಟು ದೀರ್ಘಕಾಲ ಓಡಿದ ನಾಟಕ ಬೇರೆ ಇಲ್ಲ. ‘ಕ್ಯಾಟ್ಸ್’, ‘ಲೇ ಮಿಸರಾಬ್ಲ’, ಫ್ಯಾಂಟಮ್ ಮೂರಕ್ಕೂ ಶ್ರೇಷ್ಠ ಸಂಗೀತ ನಾಟಕದ ಟೋನಿ, ಅಂದರೆ ಬ್ರಾಡ್‌ವೇಯ ದೊಡ್ಡ ಪ್ರಶಸ್ತಿ, ಬಂದಿದೆ.

ಆಂಡ್ರ್ಯೂ ಲಾಯ್ಡ್ ವೆಬರ್ ಮತ್ತು ಇವರು ಪಾಲುದಾರರಾ?

ಕೆಲವು ನಾಟಕಗಳಲ್ಲಿ ಜೊತೆಯಾದವರು, ಅದರಲ್ಲಿ ಮುಖ್ಯ ‘ಕ್ಯಾಟ್ಸ್’ ಮತ್ತು ಫ್ಯಾಂಟಮ್. ವೆಬರ್ ಸಂಗೀತಗಾರ. ಮ್ಯಾಕಿಂತೋಷ್ ಸ್ವರ ಹಾಕುವವರಲ್ಲ. ಇಬ್ಬರಿಗೂ ಬೇರೆ ಬೇರೆ ಥಿಯೇಟರ್‌ಗಳಿವೆ. ‘ಕ್ಯಾಟ್ಸ್’ ನಡೆದ ನ್ಯೂ ಲಂಡನ್ ವೆಬರ್ ಕಡೆಯದು. ಅದಕ್ಕೆ ಈಗ ‘ಕ್ಯಾಟ್ಸ್’ನ ನೃತ್ಯ ಸಂಯೋಜಕಿ ಜಿಲಿಯನ್ ಲಿನ್ ಅವರ ಹೆಸರಿಟ್ಟಿದ್ದಾರೆ.

‘ಮಿಸ್ ಸೈಗಾನ್’ ಗಲಾಟೆ ಏನು?

ವಿಯೆಟ್ನಾಂ ಯುದ್ಧದ ಕೊನೆಯ ದಿನಗಳ ಕಥೆ. 1989ರ ಸೆಪ್ಟೆಂಬರ್ 20ರಂದು ಲಂಡನ್ನಿನಲ್ಲಿ ಶುರುವಾಯಿತು. ಎಲ್ಲಿ ಗೊತ್ತಾ? ಡ್ರೂರಿ ಲೇನ್‌ನಲ್ಲಿ. ಇಪ್ಪತ್ತೈದು ವರ್ಷದ ಹಿಂದೆ ಕಸ ಗುಡಿಸಿದ ಅದೇ ಥಿಯೇಟರ್.

ಅದರಲ್ಲಿ ‘ಎಂಜಿನಿಯರ್’ ಎಂಬ ಪಾತ್ರ ಅರ್ಧ ವಿಯೆಟ್ನಾಮಿ, ಅರ್ಧ ಯುರೋಪಿಯನ್. ಮಾಡಿದ್ದು ವೇಲ್ಸ್‌ನ ಬಿಳಿಯ ನಟ ಜೊನಾಥನ್ ಪ್ರೈಸ್. ಲಂಡನ್ನಿನಲ್ಲಿ ಮುಖಕ್ಕೆ ಬಣ್ಣ ಹಚ್ಚಿ ಕಣ್ಣಿನ ಆಕಾರ ಬದಲಿಸಿ ಏಷ್ಯಾದವರ ಹಾಗೆ ತೋರಿಸಿದ್ದರು. 1990ರಲ್ಲಿ ಬ್ರಾಡ್‌ವೇಗೆ ಹೊರಟಾಗ ಅಮೆರಿಕದ ನಟರ ಸಂಘ ಈಕ್ವಿಟಿ ಒಪ್ಪಲಿಲ್ಲ. ಏಷ್ಯಾ ಮೂಲದ ನಟರಿಗೆ ದೊಡ್ಡ ಪಾತ್ರ ಸಿಗುವುದೇ ಅಪರೂಪ, ಸಿಕ್ಕಿದ್ದನ್ನೂ ಕೊಡುವುದಿಲ್ಲ ಅಂದರೆ ಹೇಗೆ ಅನ್ನುವುದು ಅವರ ವಾದ. ಮ್ಯಾಕಿಂತೋಷ್ ಬ್ರಾಡ್‌ವೇ ಪ್ರದರ್ಶನವನ್ನೇ ರದ್ದು ಮಾಡಿಬಿಟ್ಟರು. ಆ ಹೊತ್ತಿಗೆ ಮುಂಗಡ ಟಿಕೆಟ್ ಮಾರಾಟವೇ ಎರಡು ಕೋಟಿ ಡಾಲರ್ ದಾಟಿತ್ತು. ಸಂಘ ತೀರ್ಮಾನ ಬದಲಿಸಿತು. 1991ರ ಏಪ್ರಿಲ್ 11ರಂದು ತೆರೆ ಎದ್ದಿತು. ಪ್ರೈಸ್ ಮತ್ತು ಫಿಲಿಪೈನ್ಸ್‌ನ ಗಾಯಕಿ ಲಿಯಾ ಸಲೋಂಗಾ ಇಬ್ಬರಿಗೂ ಟೋನಿ ಬಂತು.

ನನ್ನ ಅಭಿಪ್ರಾಯ ಕೇಳಿದರೆ, ಪಂದ್ಯ ಗೆದ್ದದ್ದು ಮ್ಯಾಕಿಂತೋಷ್, ಆದರೆ ನ್ಯಾಯ ಇದ್ದದ್ದು ಸಂಘದ ಕಡೆ. ಕಲಾವಿದನ ಆಯ್ಕೆ ನಿರ್ಮಾಪಕನ ಹಕ್ಕು, ಒಪ್ಪುತ್ತೇನೆ. ಬಣ್ಣ ಹಚ್ಚಿ ಕಣ್ಣು ಎಳೆದದ್ದನ್ನು ಒಪ್ಪುವುದು ಕಷ್ಟ. ಬ್ರಾಡ್‌ವೇಯಲ್ಲಿ ಪ್ರೈಸ್ ನಂತರ ಆ ಪಾತ್ರ ಏಷ್ಯಾ ಮೂಲದ ನಟರಿಗೆ ಹೋಯಿತು. 2014ರಲ್ಲಿ ಲಂಡನ್ನಿನ ಪ್ರಿನ್ಸ್ ಎಡ್ವರ್ಡ್ ಥಿಯೇಟರಿನಲ್ಲಿ ನಾಟಕ ಮತ್ತೆ ಬಂದಾಗ ಎಂಜಿನಿಯರ್ ಆದವರು ಜಾನ್ ಜಾನ್ ಬ್ರಿಯೋನೆಸ್. 1989ರಲ್ಲಿ ಅದೇ ನಾಟಕದ ಗುಂಪಿನಲ್ಲಿ ಒಬ್ಬರಾಗಿ ನಿಂತಿದ್ದ ಫಿಲಿಪಿನೊ ಹುಡುಗ ಅವರು.

ಇವರು ಸೋತದ್ದೇ ಇಲ್ವಾ?

ಬೇಕಾದಷ್ಟು ಸಲ. 1992ರ ‘ಮೋಬಿ ಡಿಕ್’ ಕೆಲವೇ ತಿಂಗಳು. 2011ರ ‘ಬೆಟ್ಟಿ ಬ್ಲೂ ಐಸ್’ ಅರ್ಧ ವರ್ಷ. ಅದು ಯುದ್ಧ ಮುಗಿದ ಮೇಲಿನ ರೇಷನ್ ಕಾಲದಲ್ಲಿ ಕದ್ದು ಸಾಕಿದ ಹಂದಿಯ ಕಥೆ. 1996ರ ‘ಮಾರ್ಟಿನ್ ಗೆರ್’ ಬೇರೆಯೇ ತರಹ. ಶುರುವಾದ ಮೇಲೆ ಸರಿ ಬಂದಿಲ್ಲ ಅನಿಸಿತು. ನಡೆಯುತ್ತಿದ್ದ ನಾಟಕವನ್ನು ಕೆಲವು ದಿನ ನಿಲ್ಲಿಸಿ, ಹಾಡು ದೃಶ್ಯ ತಿದ್ದಿ, ಹೊಸದಾಗಿ ತಾಲೀಮು ಮಾಡಿ ಮತ್ತೆ ಶುರು ಮಾಡಿದರು. ಶ್ರೇಷ್ಠ ಹೊಸ ಸಂಗೀತ ನಾಟಕಕ್ಕೆ ಲಂಡನ್ನಿನ ದೊಡ್ಡ ಪ್ರಶಸ್ತಿಯಾದ ಆಲಿವಿಯರ್ ಕೂಡ ಬಂತು. ಆದರೂ ಎರಡು ವರ್ಷ ತುಂಬಲಿಲ್ಲ.

ಥಿಯೇಟರ್‌ಗಳನ್ನು ಯಾಕೆ ಕೊಂಡರು? ಯಾವುವು?

1991ರಲ್ಲಿ ಹಳೆಯ ನಾಟಕೋದ್ಯಮಿ ಬರ್ನಾರ್ಡ್ ಡೆಲ್ಫಾಂಟ್ ಜೊತೆ ಸೇರಿ ಡೆಲ್ಫಾಂಟ್ ಮ್ಯಾಕಿಂತೋಷ್ ಥಿಯೇಟರ್ಸ್ ಶುರು ಮಾಡಿದರು. ಮೊದಲು ಪ್ರಿನ್ಸ್ ಆಫ್ ವೇಲ್ಸ್, ಪ್ರಿನ್ಸ್ ಎಡ್ವರ್ಡ್. ಆಮೇಲೆ ಒಂದೊಂದಾಗಿ ನೊವೆಲ್ಲೊ, ಗೀಲ್ಗುಡ್, ಈಗ ಸಾಂಡ್‌ಹೈಮ್ ಎಂದು ಹೆಸರಾದ ಕ್ವೀನ್ಸ್, ವಿಂಡಮ್ಸ್, ನೋಯೆಲ್ ಕವರ್ಡ್. ಕೊನೆಗೆ 2014ರಲ್ಲಿ ವಿಕ್ಟೋರಿಯಾ ಪ್ಯಾಲೇಸ್.

ಕಾರಣ ಸುಲಭ. ನಾಟಕ ಬಾಡಿಗೆ ಮನೆಯಲ್ಲಿದ್ದರೆ ಪ್ರತಿ ವಾರ ಬಾಡಿಗೆ ಕಟ್ಟಬೇಕು, ಗಲ್ಲಾಪೆಟ್ಟಿಗೆಯಲ್ಲಿ ಪಾಲನ್ನೂ ಕೊಡಬೇಕು. ಮಧ್ಯಂತರದಲ್ಲಿ ಮಾರುವ ಐಸ್‌ಕ್ರೀಮ್, ಬಿಯರ್ ದುಡ್ಡು ಕಟ್ಟಡದವರಿಗೆ. ಇಪ್ಪತ್ತು ವರ್ಷ ಓಡುವ ನಾಟಕಕ್ಕೆ ಆ ಲೆಕ್ಕ ಹಾಕಿ ನೋಡಿ. ಸ್ವಂತ ಮನೆ ಇದ್ದರೆ ಯಾವ ನಾಟಕ ಯಾವಾಗ ಎಲ್ಲಿಗೆ ಅನ್ನುವುದು ನಮ್ಮ ಕೈಯಲ್ಲಿರುತ್ತದೆ.

‘ಮಮ್ಮಾ ಮಿಯಾ!’ ನೋಡಿ. ಅದು ಇವರ ನಿರ್ಮಾಣ ಅಲ್ಲ, ಜೂಡಿ ಕ್ರೇಮರ್ ಅವರದ್ದು. 1999ರಲ್ಲಿ ಪ್ರಿನ್ಸ್ ಎಡ್ವರ್ಡ್‌ನಲ್ಲಿ ಶುರುವಾಯಿತು. 2004ರಲ್ಲಿ ಇವರ ‘ಮೇರಿ ಪಾಪಿನ್ಸ್’ಗೆ ಆ ಜಾಗ ಬೇಕಾಯಿತು. ‘ಮಮ್ಮಾ ಮಿಯಾ!’ ಪ್ರಿನ್ಸ್ ಆಫ್ ವೇಲ್ಸ್‌ಗೆ ಹೋಯಿತು. 2012ರಲ್ಲಿ ಅಲ್ಲಿಂದ ನೊವೆಲ್ಲೊಗೆ. ಮೂರೂ ಒಬ್ಬರದ್ದೇ ಥಿಯೇಟರ್. ಅಳಿಯ ಬಂದಾಗ ಮನೆಯ ಕೋಣೆಗಳನ್ನು ಹೊಂದಿಸುತ್ತೇವಲ್ಲ, ಹಾಗೆ.

ಕಟ್ಟಡಗಳಿಗೆ ನಿಜವಾಗಿ ಏನಾದರೂ ಮಾಡಿದ್ದಾರಾ, ಸುಮ್ನೆ ಹೆಸರು ಬದಲಿಸಿದ್ದಾ?

ಮಾಡಿದ್ದಾರೆ, ಮನಸ್ಸಿಟ್ಟು ಮಾಡಿದ್ದಾರೆ. ಈ ಎಂಟರಲ್ಲಿ ಐದು ಡಬ್ಲ್ಯು. ಜಿ. ಆರ್. ಸ್ಪ್ರೇಗ್ ಎಂಬ ವಾಸ್ತುಶಿಲ್ಪಿ 1899ರಿಂದ 1907ರ ಒಳಗೆ ಕಟ್ಟಿದವು. ನೋಡಲು ಚೆಂದ, ಕೂರಲು ಕಷ್ಟ. ಮೊಣಕಾಲಿಗೆ ಜಾಗ ಇರಲಿಲ್ಲ, ಹೆಂಗಸರ ಶೌಚಾಲಯದ ಮುಂದೆ ಉದ್ದ ಸಾಲು. ಇವರು ಗಿಲೀಟು, ಕುಸುರಿ ಕೆಲಸವನ್ನು ಹಳೆಯ ರೂಪಕ್ಕೆ ತಂದರು, ಜೊತೆಗೆ ಸೀಟು, ಶೌಚಾಲಯ, ಓಡಾಡುವ ಜಾಗವನ್ನೂ ಸರಿ ಮಾಡಿಸಿದರು.

ಕ್ವೀನ್ಸ್ ಥಿಯೇಟರಿನ ಮುಂಭಾಗ 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬಿಗೆ ಬಿದ್ದಿತ್ತು. 1959ರವರೆಗೆ ಮುಚ್ಚಿತ್ತು. ಆಮೇಲೆ ತೆರೆದರೂ ಒಳಗಿನ ಕೆಲವು ಬಾಕ್ಸ್‌ಗಳು, ಅಂದರೆ ಕೆಲವೇ ಜನ ಪ್ರತ್ಯೇಕವಾಗಿ ಕೂರುವ ಗೂಡುಗಳು, ಹೋದದ್ದು ಹೋದವೇ. 2019ರಲ್ಲಿ ಕೆಲವು ತಿಂಗಳು ಮುಚ್ಚಿ ಸ್ಪ್ರೇಗ್ ಕಾಲದ ಆ ಬಾಕ್ಸ್‌ಗಳನ್ನು ಮತ್ತೆ ಕಟ್ಟಿಸಿದರು.

ವಿಕ್ಟೋರಿಯಾ ಪ್ಯಾಲೇಸ್ 1911ರದ್ದು, ಫ್ರ್ಯಾಂಕ್ ಮ್ಯಾಚಮ್ ಕಟ್ಟಿದ್ದು. ಅಲ್ಲಿ ರಂಗವನ್ನೇ ಹಿಂದಕ್ಕೆ ಬೆಳೆಸಿದರು. ಕೆಲಸ ಮುಗಿಯುವುದು ತಡವಾಗಿ, ಅಲ್ಲಿ ಶುರುವಾಗಬೇಕಿದ್ದ ಅಮೆರಿಕದ ಸಂಗೀತ ನಾಟಕ ‘ಹ್ಯಾಮಿಲ್ಟನ್’ನ ಮೊದಲ ಪ್ರದರ್ಶನಗಳನ್ನು ಮುಂದೂಡಬೇಕಾಯಿತು. 2017ರ ಡಿಸೆಂಬರಿನಲ್ಲಿ ತೆರೆಯಿತು. ಅಲ್ಲಿಗೆ ಹೋದವರು ಒಳಗೆ ನುಗ್ಗುವ ಮೊದಲು ಕತ್ತೆತ್ತಿ ಗುಮ್ಮಟದ ಮೇಲೆ ನೋಡಿ. ಚಿನ್ನದ ಬಣ್ಣದ ನರ್ತಕಿ ನಿಂತಿದ್ದಾಳೆ. ಅದು ರಷ್ಯದ ಆನಾ ಪಾವ್ಲೋವಾ. ತನ್ನ ಪ್ರತಿಮೆ ನೋಡಿದರೆ ಕೆಟ್ಟದಾಗುತ್ತದೆ ಅಂತ ಆಕೆಗೆ ಹೆದರಿಕೆ, ಆ ದಾರಿಯಲ್ಲಿ ಹೋಗುವಾಗ ಕಾರಿನ ಪರದೆ ಎಳೆದುಕೊಳ್ಳುತ್ತಿದ್ದರಂತೆ. ಯುದ್ಧ ಬಂದಾಗ ಕೆಳಗಿಳಿಸಿದ ಪ್ರತಿಮೆ ಎಲ್ಲಿ ಹೋಯಿತೋ ಸಿಗಲಿಲ್ಲ. ಈಗ ಇರುವುದು 2006ರಲ್ಲಿ ನಿಲ್ಲಿಸಿದ ನಕಲು.

ಥಿಯೇಟರ್‌ಗಳ ಹೆಸರು ಬದಲಿಸುವುದು ಯಾಕೆ?

ರಂಗಭೂಮಿಯವರ ಹೆಸರು ಉಳಿಯಲಿ ಅಂತ. ಅದೂ ಸುಮ್ನೆ ಯಾರದ್ದೋ ಹೆಸರಲ್ಲ. ಐವರ್ ನೊವೆಲ್ಲೊ ಆ ಥಿಯೇಟರಿನ ಮೇಲಿನ ಫ್ಲ್ಯಾಟಿನಲ್ಲೇ ದಶಕಗಟ್ಟಲೆ ವಾಸವಿದ್ದರು. ನೋಯೆಲ್ ಕವರ್ಡ್ ಬರೆದು ವೆಸ್ಟ್ ಎಂಡ್‌ನಲ್ಲಿ ಮೊದಲು ಆಡಿದ ನಾಟಕ ಈಗ ಅವರ ಹೆಸರಿರುವ ಕಟ್ಟಡದಲ್ಲೇ, 1920ರಲ್ಲಿ ನಡೆದದ್ದು. ಕ್ವೀನ್ಸ್‌ಗೆ 2019ರಲ್ಲಿ ಸಾಂಡ್‌ಹೈಮ್ ಹೆಸರಿಟ್ಟಾಗ ಅವರು ಬದುಕಿದ್ದರು. ತೀರಿಕೊಂಡದ್ದು 2021ರ ನವೆಂಬರಿನಲ್ಲಿ. ಗೌರವವನ್ನು ಕಣ್ಣಿದ್ದಾಗಲೇ ಕೊಟ್ಟರಲ್ಲ, ಅದು ಒಳ್ಳೆಯದಾಯಿತು.

ಇವರ ಮೇಲೆ ಇರುವ ದೂರುಗಳೇನು?

ಮೂರು ಮುಖ್ಯ. 1996ರ ಕೊನೆಗೆ ಬ್ರಾಡ್‌ವೇಯ ‘ಲೇ ಮಿಸರಾಬ್ಲ’ ಹತ್ತನೇ ವರ್ಷಕ್ಕೆ ಹತ್ತಿರವಾದಾಗ, ನಾಟಕ ಸಪ್ಪೆಯಾಗಿದೆ ಅಂತ ಹಲವು ನಟರನ್ನು ಒಟ್ಟಿಗೆ ತೆಗೆದರು. ವರ್ಷಗಟ್ಟಲೆ ದುಡಿದವರಿಗೆ ಅದು ದೊಡ್ಡ ಪೆಟ್ಟು.

ಎರಡನೆಯದು ಕೊರೊನಾ ನಂತರದ್ದು. 2021ರ ಜುಲೈನಲ್ಲಿ ಲಂಡನ್ ಫ್ಯಾಂಟಮ್ ಮತ್ತೆ ಶುರುವಾದಾಗ ವಾದ್ಯಗಾರರ ಸಂಖ್ಯೆ 27ರಿಂದ 14ಕ್ಕೆ ಇಳಿದಿತ್ತು. ವಾದ್ಯಗಾರರ ಸಂಘ ಪ್ರತಿಭಟಿಸಿತು. ನನಗೂ ಇದು ಸರಿ ಕಾಣಲಿಲ್ಲ. ಆ ನಾಟಕದ ಜೀವವೇ ಸಂಗೀತ.

ಮೂರನೆಯದು ತಿರುಗುವ ರಂಗ. ಹಳೆಯ ‘ಲೇ ಮಿಸರಾಬ್ಲ’ದಲ್ಲಿ ಜಾನ್ ನೇಪಿಯರ್ ವಿನ್ಯಾಸದ ದೊಡ್ಡ ಚಕ್ರದಂಥ ನೆಲ ಇತ್ತು. ಬೀದಿಯ ತಡೆಗೋಡೆ ಎರಡೂ ಬದಿಯಿಂದ ಬಂದು ಮಧ್ಯದಲ್ಲಿ ಕೂಡುತ್ತಿತ್ತು. ಕಾದಾಟ ಮುಗಿದು, ಎಲ್ಲರೂ ಸತ್ತು, ಗುಂಡಿನ ಸದ್ದು ನಿಂತ ಮೇಲೆ ಆ ಗೋಡೆ ನಿಧಾನವಾಗಿ ತಿರುಗುತ್ತಿತ್ತು. ಆ ಬದಿಯಲ್ಲಿ ಕೆಂಪು ಬಾವುಟದ ಮೇಲೆ ತಲೆ ಕೆಳಗಾಗಿ ಬಿದ್ದ ದಂಗೆಯ ನಾಯಕ ಆಂಜೋಲ್ರಾ. ಮಾತಿಲ್ಲ, ಹಾಡಿಲ್ಲ. 2009ರಿಂದ ಪ್ರವಾಸಕ್ಕಾಗಿ ಬೇರೆ ರಂಗವಿನ್ಯಾಸ ಮಾಡಿದರು, ಹ್ಯೂಗೊ ಬರೆದ ಚಿತ್ರಗಳನ್ನು ಹಿಂದಿನ ಪರದೆಯ ಮೇಲೆ ತೋರಿಸುವ ರೀತಿ. 2019ರಲ್ಲಿ ಲಂಡನ್ನಿನಲ್ಲೂ ಅದೇ ಬಂತು, ತಿರುಗುವ ನೆಲ ಹೋಯಿತು. ಆಂಜೋಲ್ರಾನನ್ನು ಈಗ ಗಾಡಿಯಲ್ಲಿ ತರುತ್ತಾರೆ. ಹೊಸದೂ ಚೆನ್ನಾಗಿದೆ. ಆದರೆ ಆ ತಿರುಗುವಿಕೆಯನ್ನು ಕಂಡವರು ಅದನ್ನು ಮರೆಯುವುದಿಲ್ಲ.

ಲಯನಲ್ ಬಾರ್ಟ್ ಅವರಿಗೆ ಸಹಾಯ ಮಾಡಿದ ಕಥೆ ನಿಜವಾ?

ನಿಜ. ‘ಆಲಿವರ್!’ ಬರೆದ ಬಾರ್ಟ್ ದುಡ್ಡಿನ ಕಷ್ಟಕ್ಕೆ ಸಿಕ್ಕಿ ಆ ನಾಟಕದ ಹಕ್ಕನ್ನೇ ಮಾರಿಕೊಂಡಿದ್ದರು. ನಾಟಕ ಎಲ್ಲೆಲ್ಲೋ ಓಡುತ್ತಿದ್ದರೂ ಬರೆದವರಿಗೆ ಕಾಸಿಲ್ಲ. ಮುಂದೆ ಹಕ್ಕಿನ ಪಾಲು ಮ್ಯಾಕಿಂತೋಷ್ ಕೈಗೆ ಬಂತು. 1994ರಲ್ಲಿ ಲಂಡನ್ನಿನ ಪಲಾಡಿಯಂ ಥಿಯೇಟರಿನಲ್ಲಿ ಸ್ಯಾಮ್ ಮೆಂಡಿಸ್ ನಿರ್ದೇಶನದಲ್ಲಿ ದೊಡ್ಡದಾಗಿ ಕಟ್ಟಿದಾಗ ಬಾರ್ಟ್ ಅವರನ್ನು ಕರೆಸಿ, ಕೆಲವು ಹಾಡಿನ ಸಾಲುಗಳನ್ನು ಹೊಸದಾಗಿ ಬರೆಸಿ, ಲಾಭದಲ್ಲಿ ಪಾಲು ಕೊಟ್ಟರು. ಕಾನೂನಿನಂತೆ ಕೊಡಬೇಕಾದ ಅಗತ್ಯ ಇರಲಿಲ್ಲ. ಬಾರ್ಟ್ 1999ರಲ್ಲಿ ತೀರಿಕೊಂಡರು.

ಸಿನಿಮಾ ಮಾಡಿದ್ದಾರಾ?

2012ರ ‘ಲೇ ಮಿಸರಾಬ್ಲ’ ಚಿತ್ರಕ್ಕೆ ನಿರ್ಮಾಪಕರಲ್ಲಿ ಒಬ್ಬರು. ಮೂರು ಆಸ್ಕರ್ ಬಂತು.

ಇವರ ನಾಟಕ ಭಾರತಕ್ಕೆ ಬಂದಿದೆಯಾ? ಲಂಡನ್ನಿಗೆ ಹೋದರೆ ಹೇಗೆ ನೋಡುವುದು?

ಫ್ಯಾಂಟಮ್ 2025ರ ಮಾರ್ಚ್‌ನಲ್ಲಿ ಮುಂಬೈಗೆ ಬಂದಿತ್ತು. ಬೆಂಗಳೂರಿನಿಂದ ಅಲ್ಲಿಗೆ ಹೋಗುವುದು ಲಂಡನ್ನಿಗಿಂತ ಸುಲಭವೇ.

ಲಂಡನ್ನಿಗೆ ಹೋಗುವವರಿಗೆ ನನ್ನ ಮಾತು ಇಷ್ಟೇ. ಸಾಂಡ್‌ಹೈಮ್ ಮತ್ತು ಗೀಲ್ಗುಡ್ ಒಂದೇ ರಸ್ತೆಯಲ್ಲಿ ಅಕ್ಕಪಕ್ಕದಲ್ಲಿವೆ, ಎರಡನ್ನೂ ಹೊರಗಿನಿಂದ ನೋಡಿ. ಶನಿವಾರ ಸಂಜೆಗಿಂತ ವಾರದ ಮಧ್ಯದ ಮಧ್ಯಾಹ್ನದ ಆಟಕ್ಕೆ ಟಿಕೆಟ್ ಅಗ್ಗಕ್ಕೆ ಸಿಗುವುದು ಹೆಚ್ಚು. ಹಳೆಯ ಥಿಯೇಟರ್‌ಗಳಲ್ಲಿ ಮೇಲಿನ ಗ್ಯಾಲರಿ ತುಂಬ ಕಡಿದಾಗಿರುತ್ತದೆ. ವಯಸ್ಸಾದವರು ಜೊತೆಗಿದ್ದರೆ ಮೆಟ್ಟಿಲು ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ಈಗ ಏನು ಮಾಡುತ್ತಿದ್ದಾರೆ?

ನಿವೃತ್ತಿಯ ಮಾತೇ ಇಲ್ಲ. ಸಾಂಡ್‌ಹೈಮ್ ನೆನಪಿಗೆ ಕಟ್ಟಿದ ‘ಓಲ್ಡ್ ಫ್ರೆಂಡ್ಸ್’ 2023ರಲ್ಲಿ ಗೀಲ್ಗುಡ್‌ನಲ್ಲಿ ನಡೆಯಿತು, 2025ರಲ್ಲಿ ಬ್ರಾಡ್‌ವೇಗೆ ಹೋಯಿತು. 2024ರ ಡಿಸೆಂಬರಿನಲ್ಲಿ ಅದೇ ಗೀಲ್ಗುಡ್‌ಗೆ ‘ಆಲಿವರ್!’ ಬಂತು, ಮ್ಯಾಥ್ಯೂ ಬೋರ್ನ್ ನಿರ್ದೇಶನದಲ್ಲಿ. ಹತ್ತೊಂಬತ್ತು ವರ್ಷದ ಹುಡುಗನಾಗಿ ಬಟ್ಟಲು ಚಮಚ ಎಣಿಸಿಡುತ್ತ ಊರೂರು ತಿರುಗಿದ್ದು ಇದೇ ನಾಟಕದ ಜೊತೆ. ಈ ಸಲ ಬಟ್ಟಲೂ ಅವರದ್ದು, ಮೇಜೂ ಅವರದ್ದು, ಕಟ್ಟಡವೂ ಅವರದ್ದು.